ಹಡಗಿನ ಕಪಾಟಿನಿಂದ ಪುಸ್ತಕ ಮನೆಗೆ

ಮಂಡ್ಯ ತಾಲ್ಲೂಕಿನ ದುದ್ದ ನಮ್ಮೂರು. ಹೋಬಳಿ ಕೇಂದ್ರವೆಂಬ ಹೆಸರಿದ್ದರೂ ಹಳ್ಳಿಯ ಗುಣವನ್ನು ಬಿಟ್ಟಿಲ್ಲ. ಕಬ್ಬು, ರಾಗಿಗಳ ನಡುವೆ ಬೆಳೆದ ನಮಗೆ ಕಡಲೆಂಬುದು ಪಠ್ಯಪುಸ್ತಕದ ಚಿತ್ರ ಮಾತ್ರವಾಗಿತ್ತು. ಸಿಂಗಪುರದಲ್ಲಿ ಉದ್ಯೋಗದಲ್ಲಿರುವ ಮಗನ ಒತ್ತಾಯಕ್ಕೆ ಮಣಿದು ನಾನೂ ನನ್ನ ಶ್ರೀಮತಿಯೂ ಅಲ್ಲಿಂದ ಏಳು ದಿನಗಳ ಹಡಗು ಪ್ರವಾಸಕ್ಕೆ ಹೊರಟೆವು.

ಹಡಗಿನ ವೈಭವವನ್ನು ಬಣ್ಣಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಹೇಳಹೊರಟಿರುವುದು ಅಲ್ಲಿನ ಗ್ರಂಥಾಲಯದ ಸಂಗತಿ. 2004ರಲ್ಲಿ ಸಂಚಾರ ಆರಂಭಿಸಿದ ಕ್ವೀನ್ ಮೇರಿ 2 ಎಂಬ ಹಡಗಿನಲ್ಲಿ ಸಾವಿರಾರು ಗ್ರಂಥಗಳಿವೆಯೆಂದು ಓದಿದ್ದೆ. ನಮ್ಮ ಹಡಗಿನಲ್ಲಿದ್ದುದು ಎರಡು ಗಾಜಿನ ಕಪಾಟುಗಳು. ಅವುಗಳ ತುಂಬ ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳು, ಯಾತ್ರಿಕರು ಬಿಟ್ಟುಹೋದ ಹಳೆಯ ಪುಸ್ತಕಗಳು. ನನಗೆ ಅಷ್ಟು ಸಾಕಾಗಿತ್ತು. ನನ್ನ ಶ್ರೀಮತಿ ಕನ್ನಡವನ್ನಲ್ಲದೆ ಬೇರೆ ಭಾಷೆಯನ್ನು ಓದಲಾರರು. ಅವರು ತಂದಿದ್ದ ಒಂದೇ ಕಾದಂಬರಿ ಎರಡನೆಯ ದಿನಕ್ಕೇ ಮುಗಿಯಿತು. ಮೂರನೆಯ ದಿನ ಚಟ್ನಿಪುಡಿಯ ಡಬ್ಬಿಗೆ ಸುತ್ತಿದ್ದ ಹಳೆಯ ಪತ್ರಿಕೆಯನ್ನು ಬಿಡಿಸಿ ಓದುತ್ತಿದ್ದುದನ್ನು ಕಂಡೆ.

"ನಿಮಗೆ ಇಲ್ಲಿ ದಿನವೂ ಹಬ್ಬದೂಟ. ನನಗೆ ಮಾತ್ರ ಉಪವಾಸ" ಎಂದರು. ನಕ್ಕೇ ಹೇಳಿದರು. ಆದರೂ ಆ ಮಾತು ನನ್ನನ್ನು ಚುಚ್ಚಿತು. ಅಂದಿನಿಂದ ಪ್ರತಿ ಸಂಜೆ ಮೇಲಿನ ಅಟ್ಟದಲ್ಲಿ ಕುಳಿತು ಇಂಗ್ಲಿಷ್ ಕಥೆಯೊಂದನ್ನು ಓದಿ ಕನ್ನಡದಲ್ಲಿ ಹೇಳತೊಡಗಿದೆ. ಅವರು ಕೇಳುತ್ತಿದ್ದ ಪ್ರಶ್ನೆಗಳಿಗೆ ಎಷ್ಟೋ ವೇಳೆ ನನ್ನಲ್ಲಿ ಉತ್ತರವಿರಲಿಲ್ಲ.

ಹಡಗಿನ ಗ್ರಂಥಾಲಯವೆಂದೊಡನೆ ಎಸ್. ಆರ್. ರಂಗನಾಥನ್ ಅವರ ನೆನಪಾಗುತ್ತದೆ. ಗ್ರಂಥಾಲಯ ಶಾಸ್ತ್ರವನ್ನು ಕಲಿಯಲು 1924ರಲ್ಲಿ ಲಂಡನ್ನಿಗೆ ಹೋದ ಅವರಿಗೆ, ಬಿಡಿ ತುಂಡುಗಳನ್ನು ಜೋಡಿಸಿ ಬಗೆಬಗೆಯ ವಸ್ತುಗಳನ್ನು ಮಾಡುವ ಮೆಕ್ಯಾನೊ ಆಟಿಕೆಯನ್ನು ಕಂಡು ಪುಸ್ತಕಗಳ ಹೊಸ ವರ್ಗೀಕರಣದ ಕಲ್ಪನೆ ಹೊಳೆಯಿತು. ಸ್ವದೇಶಕ್ಕೆ ಮರಳುವ ದಾರಿಯಲ್ಲಿ ಹಡಗಿನ ಪುಸ್ತಕಗಳನ್ನೇ ಆ ಕ್ರಮದಲ್ಲಿ ಜೋಡಿಸಿ ನೋಡಿದರಂತೆ. 1933ರಲ್ಲಿ ಪ್ರಕಟವಾದ ಕೋಲನ್ ವರ್ಗೀಕರಣಕ್ಕೆ ಇದೇ ಬುನಾದಿ. ಬೆಂಗಳೂರಿನಲ್ಲಿ ನೆಲೆಸಿದ ಆ ಮಹನೀಯರು 1972ರಲ್ಲಿ ಅಲ್ಲಿಯೇ ನಿಧನರಾದರು. ಕಪಾಟು ಚಿಕ್ಕದೆಂದು ನಾನು ಗೊಣಗಿದೆ. ಅವರು ಅಂಥದೇ ಕಪಾಟಿನ ಮುಂದೆ ನಿಂತು ಕೆಲಸ ಮಾಡಿದರು.

ಊರಿಗೆ ಮರಳಿದ ಮೇಲೆ ಶ್ರೀಮತಿಯವರೊಡನೆ ಪಾಂಡವಪುರಕ್ಕೆ ಹೋದೆ. ಹಿಂದೆ ಫ್ರೆಂಚ್ ರಾಕ್ಸ್ ಎಂದು ಕರೆಸಿಕೊಂಡಿದ್ದ ಆ ಪಟ್ಟಣದ ಬಳಿಯ ಹರಳಹಳ್ಳಿಯಲ್ಲಿ ಅಂಕೇಗೌಡರ 'ಪುಸ್ತಕ ಮನೆ' ಇದೆ. ಬಸ್ ಕಂಡಕ್ಟರಾಗಿ ದುಡಿದು, ಅನಂತರ ಸಕ್ಕರೆ ಕಾರ್ಖಾನೆಯಲ್ಲಿ ನೌಕರರಾಗಿದ್ದ ಈ ರೈತನ ಮಗ ಸಂಬಳದ ಬಹುಪಾಲನ್ನು ಪುಸ್ತಕಗಳಿಗೇ ಸುರಿದರು. 2026ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಸಂಗ್ರಹವು ಸುಮಾರು 20 ಲಕ್ಷವೆಂದು ವರದಿಯಾಯಿತು. ಶುಲ್ಕವಿಲ್ಲದೆ ಯಾರು ಬೇಕಾದರೂ ಅಲ್ಲಿ ಓದಬಹುದು. ರಾಶಿರಾಶಿ ಪುಸ್ತಕಗಳ ನಡುವೆ ಶ್ರೀಮತಿಯವರು ಬಹಳ ಹೊತ್ತು ಮೌನವಾಗಿ ನಿಂತರು. ಬಳಿಕ ಒಂದನ್ನು ಕೈಗೆತ್ತಿಕೊಂಡು ನೆಲದ ಮೇಲೆಯೇ ಕುಳಿತುಬಿಟ್ಟರು.

"ಇದು ಇಷ್ಟು ಹತ್ತಿರವಿತ್ತೇ?" ಎಂದು ಮರಳುವಾಗ ಕೇಳಿದರು. ನಾನು ಉತ್ತರಿಸಲಿಲ್ಲ. ನಲವತ್ತು ವರ್ಷಗಳ ಸಂಸಾರದಲ್ಲಿ ನಾನು ವಾಚನಾಲಯಕ್ಕೆ ಹೋಗದ ವಾರವಿಲ್ಲ. ಒಮ್ಮೆಯೂ ಅವರನ್ನು ಕರೆದೊಯ್ದಿರಲಿಲ್ಲ. ಅವರ ಉಪವಾಸ ಹಡಗಿನಲ್ಲಿ ಆರಂಭವಾದುದಲ್ಲ. ಅಲ್ಲಿ ನನ್ನ ಕಣ್ಣಿಗೆ ಬಿತ್ತು, ಅಷ್ಟೆ.

ಕರ್ನಾಟಕದಲ್ಲಿ 1965ರ ಕಾಯಿದೆಯಂತೆ ನಾವೆಲ್ಲರೂ ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನು ಕೊಡುತ್ತೇವೆ. 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳೆನಿಸಿವೆ. ಅಲ್ಲಿನ ಪುಸ್ತಕಗಳು ಮನೆಯ ಹೆಣ್ಣುಮಕ್ಕಳಿಗೂ ಸೇರಿದ್ದು ಎಂಬುದನ್ನು ನಾವು ಮರೆಯಬಾರದು.

ಪ್ರವಾಸ ಹೊರಡುವ ಬಂಧುಗಳಿಗೆ ನನ್ನದೊಂದು ವಿನಂತಿ. ತಿಂಡಿಯ ಡಬ್ಬಿಯನ್ನು ತುಂಬುವಾಗ ಮನೆಯ ಪ್ರತಿಯೊಬ್ಬರ ಓದಿಗೂ ಪುಸ್ತಕಗಳನ್ನು ಎಣಿಸಿಡಿರಿ. ಮರಳುವಾಗ ಒಂದು ಕನ್ನಡ ಪುಸ್ತಕವನ್ನು ಅಲ್ಲಿಯ ಕಪಾಟಿನಲ್ಲಿ ಇಟ್ಟು ಬನ್ನಿರಿ. ನನ್ನ ಶ್ರೀಮತಿಯವರು ತಮ್ಮ ಕಾದಂಬರಿಯನ್ನು ಹಾಗೆಯೇ ಬಿಟ್ಟುಬಂದಿದ್ದಾರೆ. ಮುಂದೆ ಬರುವ ಯಾರೋ ಒಬ್ಬ ತಾಯಿಗೆ ಅದು ದೊರೆಯಲಿ.