ಅಬ್ಬಾನ ಮಂಚದ ಗಿಟಾರು

ಹಳೆ ಮನೆ ಕೆಡವುವಾಗ ಅಬ್ಬಾನ ಬೀಟೆ ಮಂಚ ಮುರಿಯಿತು. ಎಲ್ಲರೂ ಗುಜರಿಗೆ ಹಾಕೋಣ ಎಂದರು. ನಾನು ಅದರ ತಲೆಹಲಗೆಯನ್ನು ಎತ್ತಿಟ್ಟುಕೊಂಡೆ. ಗಿಟಾರಿನ ಬೆನ್ನು, ಪಕ್ಕೆಗಳಿಗೆಂದು ಜಗತ್ತೆಲ್ಲ ಹುಡುಕುವ ಮರ ಅದು.

ಅಬ್ಬಾ ಮೂವತ್ತು ವರ್ಷ ಸಾಮಿಲ್ಲಿನಲ್ಲಿ ದುಡಿದವರು. ಗರಗಸದ ಸದ್ದು ಅವರ ಕಿವಿಯನ್ನು ತಿಂದುಹಾಕಿದೆ. ಗಿಟಾರು ಮಾಡುತ್ತೇನೆಂದು ಕೂಗಿ ಹೇಳಿದೆ. "ನನ್ನ ಮಂಚದಲ್ಲಿ ಬಾಜಾನಾ?" ಎಂದು ನಕ್ಕರು.

ನಿಜವಾದ ಕಷ್ಟ ಮುಖದ ಹಲಗೆಯದು. ಗಿಟಾರಿನ ದನಿ ಹೆಚ್ಚಾಗಿ ಅಲ್ಲಿಯೇ ಹುಟ್ಟುತ್ತದೆ. 1862ರಲ್ಲಿ ಸ್ಪೇನಿನ ಆಂಟೋನಿಯೊ ಡಿ ಟೊರೆಸ್ ಬೆನ್ನು, ಪಕ್ಕೆಗಳನ್ನು ಕಾಗದದ ರಟ್ಟಿನಲ್ಲಿ ಮಾಡಿ, ಮುಖಕ್ಕೆ ಮಾತ್ರ ಮರ ಹಾಕಿ ಇದನ್ನು ತೋರಿಸಿಕೊಟ್ಟಿದ್ದ. ಮುಖಕ್ಕೆ ಹಗುರವೂ ಬಿಗಿಯೂ ಆದ ಸ್ಪ್ರೂಸ್ ಬೇಕು. ನಮ್ಮಲ್ಲಿ ಅದೆಲ್ಲಿ? ಕೊನೆಗೆ ಗುಜರಿ ಅಂಗಡಿಯಲ್ಲಿ, ಹೊರದೇಶದಿಂದ ಯಂತ್ರ ಬಂದ ಪೆಟ್ಟಿಗೆಯ ಹಲಗೆಗಳು ಸಿಕ್ಕವು.

ಆರಿಸಿದ್ದು ಅಬ್ಬಾ. ಮೊದಲು ಹಲಗೆಯ ತುದಿ ನೋಡಿದರು. ಅಲ್ಲಿ ಗೆರೆಗಳು ನೆಟ್ಟಗೆ ನಿಂತಿರಬೇಕು, ಮಲಗಿದ್ದರೆ ಹಲಗೆ ಸೊಟ್ಟಗಾಗುತ್ತದೆ. ಆಮೇಲೆ ತುದಿಯಿಂದ ಕಾಲುಭಾಗ ಬಿಟ್ಟು ಎರಡು ಬೆರಳಲ್ಲಿ ಹಿಡಿದು, ನಡುವೆ ಗೆಣ್ಣಿನಿಂದ ತಟ್ಟಿದರು. ಅವರಿಗೆ ಕೇಳಿಸದು. ಹಿಡಿದ ಬೆರಳುಗಳಿಗೆ ತಿಳಿಯುತ್ತಿತ್ತು. ಹನ್ನೊಂದನ್ನು ಪಕ್ಕಕ್ಕೆಸೆದು ಹನ್ನೆರಡನೆಯದನ್ನು ನನ್ನ ಕೈಗಿಟ್ಟರು. ನಾನು ತಟ್ಟಿದೆ. ಸಣ್ಣ ಗಂಟೆಯಂತೆ ಉಲಿಯಿತು.

ಅದನ್ನು ನಾಲ್ಕು ತುಂಡು ಮಾಡಿ, ಅಗಲಕ್ಕೆ ಜೋಡಿಸಿ, ಎರಡೂವರೆ ಮಿಲಿಮೀಟರಿಗೆ ಕೀಸಿದೆ. ಬೀಟೆಯ ಪಕ್ಕೆಗಳನ್ನು ನೀರಲ್ಲಿ ನೆನೆಸಿ, ಕಾದ ಕಬ್ಬಿಣದ ಕೊಳವೆಗೆ ಒತ್ತಿ ಬಗ್ಗಿಸಬೇಕು. ಮೊದಲನೆಯದು ಪಟ್ಟನೆ ಮುರಿಯಿತು. ಆದರೆ ಬಿಸಿಗೆ ಎದ್ದ ಪರಿಮಳಕ್ಕೆ ಅಮ್ಮಿ ಅಡುಗೆಮನೆಯಿಂದ ಓಡಿಬಂದು "ಊದ್ ಹಾಕಿದಿರಾ?" ಎಂದರು. ಗಿಟಾರಿನ ನೆಂಟನಾದ ಅರಬ್ಬರ ತಂತಿವಾದ್ಯದ ಹೆಸರೂ ಊದ್! ಆ ಪದಕ್ಕೆ ಮರ ಎಂದೇ ಅರ್ಥ.

ತಪ್ಪು ಮಾಡಿದ್ದು ಜುಲೈನಲ್ಲಿ. ಮುಖದ ಹಲಗೆಯ ಒಳಗೆ ಅಡ್ಡಪಟ್ಟಿ ಅಂಟಿಸಲು ಕೂತಾಗ ಅಬ್ಬಾ "ಮಳೆ ನಿಲ್ಲಲಿ" ಎಂದರು. ನನಗೆ ತಾಳ್ಮೆ ಎಲ್ಲಿ? ತೇವ ಕುಡಿದ ಹಲಗೆ ಅಗಲವಾಗಿರುತ್ತದೆ, ಒಣಗಿದಾಗ ಕುಗ್ಗುತ್ತದೆ. ಪಟ್ಟಿ ಮಾತ್ರ ಉದ್ದದಲ್ಲಿ ಕುಗ್ಗುವುದಿಲ್ಲ. ಮಾರ್ಚಿನ ಒಂದು ಮಧ್ಯಾಹ್ನ, ಗೋಡೆಗೆ ಒರಗಿಸಿದ್ದ ಗಿಟಾರು ತಾನಾಗಿ ಟಪ್ ಎಂದಿತು. ಮುಖದಲ್ಲಿ ನಾಲ್ಕು ಇಂಚಿನ ಬಿರುಕು.

ಅಬ್ಬಾ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಒಳಗೆ ಹೋಗಿ, ಅದೇ ಹಲಗೆಯ ಉಳಿದ ಚೂರನ್ನು ತಂದರು. ನಾನು ಎಸೆದಿದ್ದನ್ನು ಅವರು ಎತ್ತಿಟ್ಟಿದ್ದರು! ಕೂದಲೆಳೆಯಷ್ಟು ಸೀಳಿ ಬಿರುಕಿಗೆ ತುಂಬಿದರು.

ಮರುದಿನ ತಂತಿ ಬಿಗಿದು ನುಡಿಸಿದೆ. ಅಬ್ಬಾ ಎದುರು ಕೂತು, ಗಿಟಾರಿನ ಬೆನ್ನಿಗೆ, ಎಂದರೆ ತಮ್ಮ ಮಂಚಕ್ಕೆ, ಅಂಗೈ ಊರಿದರು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ್ದರು.

"ಆ ದಪ್ಪ ತಂತಿ," ಎಂದರು, "ಇನ್ನೊಮ್ಮೆ ಬಾರಿಸು ಬೇಟಾ."