ಅಣ್ಣನ ನೋಕಿಯಾ

ಸಂಡೂರಿನ ಗಣಿಗಳಿಂದ ಅದಿರಿನ ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದ ಕಾಲ. ಸಾಲ ಮಾಡಿ ಲಾರಿ ತಂದಿದ್ದ ಅಣ್ಣ, 2010ರಲ್ಲಿ ಹೊಸಪೇಟೆಯಲ್ಲಿ ನೋಕಿಯಾ 5233 ಕೊಂಡ. ನಮ್ಮ ಓಣಿಯ ಮೊದಲ ಟಚ್ ಫೋನ್. ಅದರೊಳಗಿದ್ದುದು ಸಿಂಬಿಯನ್. ಆಗ ಜಗತ್ತಿನ ಸ್ಮಾರ್ಟ್‌ಫೋನ್‌ಗಳಲ್ಲಿ ಅದರದೇ ದೊಡ್ಡ ಪಾಲು. ನಮಗೇನು ಗೊತ್ತು, ನಮಗದು ಬರೀ ‘ನೋಕಿಯಾ’. ಕನ್ನಡ ಪುಟ ತೆರೆದರೆ ಮಾತ್ರ ಅಕ್ಷರಗಳ ಬದಲು ಚೌಕಗಳು. “ಏನೋ ಇದು, ಬರೇ ಡಬ್ಬಿ ಅದಾವಲ್ಲ!” ಎಂದು ಅವ್ವ ನಗುತ್ತಿದ್ದಳು.

ಯಾವ ಕಂಪನಿಯೂ ಬಳಸಬಹುದಾದ ಆಂಡ್ರಾಯ್ಡ್ ಅಷ್ಟರಲ್ಲೇ ಮುಂದೆ ಹೋಗಿತ್ತು. 2011ರ ಫೆಬ್ರುವರಿಯಲ್ಲಿ ನೋಕಿಯಾ, ಸಿಂಬಿಯನ್ ಬಿಟ್ಟು ವಿಂಡೋಸ್ ಫೋನ್ ಹಿಡಿಯುವುದಾಗಿ ಹೇಳಿತು. ಅದೇ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿತು. ಕಂತು ಕಟ್ಟಲಾಗದೆ ಲಾರಿ ಹೋಯಿತು. ಅಣ್ಣ ಕಂಪ್ಲಿಯ ಅಕ್ಕಿ ಗಿರಣಿಗೆ ಕೆಲಸಕ್ಕೆ ಸೇರಿದ, ಜೇಬಿನಲ್ಲಿ ಅದೇ ಫೋನ್.

2014ರ ನವೆಂಬರ್ 1ರಂದು ನಮ್ಮ ‘ಹಾಸ್ಪೆಟ್’ ಸರ್ಕಾರಿ ದಾಖಲೆಯಲ್ಲೂ ಹೊಸಪೇಟೆಯಾಯಿತು. ಅಂದೇ ಚೆನ್ನೈ ಬಳಿ ಶ್ರೀಪೆರಂಬದೂರಿನ ನೋಕಿಯಾ ಕಾರ್ಖಾನೆಯೂ ನಿಂತಿತು. 2017ರ ಜೂನ್ ಮುಗಿಯುತ್ತಲೇ ಸಿಂಬಿಯನ್‌ನಲ್ಲಿ ವಾಟ್ಸ್‌ಆ್ಯಪ್ ಕೂಡ ಬಂದ್.

ನಾನು ಆಂಡ್ರಾಯ್ಡ್ ಫೋನ್ ಕೊಡಿಸಿದೆ. ಕನ್ನಡ ಚೆನ್ನಾಗಿ ಕಾಣುತ್ತಿತ್ತು. ಓದಿ ನಗಲು ಅವ್ವ ಇರಲಿಲ್ಲ. ಹಳೆಯದನ್ನು ಅಣ್ಣ ಬಿಡಲಿಲ್ಲ. ಬ್ಯಾಟರಿ ಉಬ್ಬಿ ಸತ್ತಿತ್ತು. ಹೊಸಪೇಟೆಯಲ್ಲಿ ಮೂರು ಅಂಗಡಿ ಸುತ್ತಿದ ಮೇಲೆ ಒಂದು ಹಳೇ ಬ್ಯಾಟರಿ ಸಿಕ್ಕಿತು.

ಪಟ ಅದರಲ್ಲೇ ಇತ್ತು. ಹಂಪಿಯಲ್ಲಿ ಪೂಜೆಗೆ ನಿಂತ ಹೊಸ ಲಾರಿ, ಅದರ ಮುಂದೆ ಅವ್ವ.