ಮನೆಯಲ್ಲಿ ನಾಯಿಯೊಂದೇ ಇರುವಾಗ

ನಮ್ಮ ಬಾಗೂರಿನ ಕಡೆ ನಾಯಿ ಸಾಕುವುದೆಂದರೆ ಅದನ್ನು ಮನೆಯೊಳಗೆ ಇರಿಸಿಕೊಳ್ಳುವುದೆಂದು ಅರ್ಥವಾಗಿರಲಿಲ್ಲ. ಅದಕ್ಕೆ ಜಗಲಿಯಿತ್ತು, ಕೊಟ್ಟಿಗೆಯ ಮೂಲೆಯಿತ್ತು, ತೆಂಗಿನ ತೋಟವಿತ್ತು, ರಾಗಿಯ ಸುಗ್ಗಿಯಲ್ಲಿ ಕಣವಿತ್ತು. ಯಜಮಾನ ಹೊಲಕ್ಕೆ ಹೊರಟರೆ ಅವನ ಹಿಂದೆ ಅದೂ ಹೊರಡುತ್ತಿತ್ತು. ಮನೆಗೆ ಬೀಗ ಬೀಳುವ ಸಂದರ್ಭವೇ ಅಪರೂಪ. ಅಜ್ಜಿಯೋ, ಬಾಣಂತಿಯೋ, ಜ್ವರ ಬಂದ ಮಗುವೋ ಯಾರಾದರೊಬ್ಬರು ಒಳಗೆ ಇದ್ದೇ ಇರುತ್ತಿದ್ದರು. ಮನೆಮಂದಿಯೆಲ್ಲ ಮದುವೆಗೆ ಹೋದರೂ ಪಕ್ಕದ ಮನೆಯವರು ಹೊತ್ತಿಗೆ ಸರಿಯಾಗಿ ಅದಕ್ಕೊಂದು ಮುದ್ದೆ ಹಾಕುತ್ತಿದ್ದರು.

ಆ ಕಾಲದ ನಾಯಿಗಳೆಲ್ಲ ಸುಖವಾಗಿದ್ದವೆಂದು ನಾನು ಹೇಳಲಾರೆ. ಹಳ್ಳಿಯಲ್ಲಿ ಅವಕ್ಕೆ ಲಸಿಕೆ ಹಾಕಿಸುವವರಿರಲಿಲ್ಲ. ಕಜ್ಜಿ ಹಿಡಿದರೆ ಬೇವಿನೆಣ್ಣೆಯೇ ಮದ್ದು. ಮಕ್ಕಳ ಕಲ್ಲೇಟು ಬೇರೆ. ಆದರೆ ಒಂಟಿತನವೆಂಬ ಕಷ್ಟ ಮಾತ್ರ ಅವಕ್ಕೆ ಗೊತ್ತಿರಲಿಲ್ಲ.

ಇದೆಲ್ಲ ನೆನಪಾಗಲು ಕಾರಣ, ಬೆಂಗಳೂರಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ ಪ್ರಶ್ನೆ. ಗಂಡ ಹೆಂಡತಿ ಇಬ್ಬರೂ ಉದ್ಯೋಗದಲ್ಲಿದ್ದಾರೆ. ಬೆಳಿಗ್ಗೆ 8ಕ್ಕೆ ಮನೆ ಬಿಟ್ಟರೆ ಹಿಂದಿರುಗುವುದು ಸಂಜೆ 7ಕ್ಕೆ. ಮಗಳ ಹಟಕ್ಕೆ ತಂದ ನಾಯಿಮರಿ ಈಗ ಒಂದು ವರ್ಷದ್ದು. ಇವರು ಹೊರಟೊಡನೆ ಅದು ಊಳಿಡಲು ತೊಡಗುತ್ತದೆ. ಬಾಗಿಲನ್ನು ಕೆರೆದು ಕೆರೆದು ಉಗುರಿನಲ್ಲಿ ರಕ್ತ ಬಂದಿದೆ. ನೆರೆಯವರು ದೂರು ಕೊಟ್ಟಿದ್ದಾರೆ. "ಕಬ್ಬಿಣದ ಸರಳಿನ ಪಂಜರ ತಂದು ಅದರೊಳಗೆ ಬಿಟ್ಟು ಹೋಗಿ ಎನ್ನುತ್ತಾರೆ ಕೆಲವರು. ಮನೆಯಲ್ಲೇ ಓಡಾಡಿಕೊಂಡಿರಲಿ ಎನ್ನುತ್ತಾರೆ ಇನ್ನು ಕೆಲವರು. ಯಾವುದು ಸರಿ ಮೇಷ್ಟ್ರೇ? ಎರಡೂ ಆಗದಿದ್ದರೆ ಯಾರಿಗಾದರೂ ಕೊಟ್ಟುಬಿಡಬೇಕಾಗುತ್ತದೆ" ಎಂದ. ಕೊನೆಯ ಮಾತು ಹೇಳುವಾಗ ಅವನ ಧ್ವನಿ ಕುಗ್ಗಿತ್ತು.

ಪಂಜರವೆಂದ ಕೂಡಲೇ ನಮ್ಮ ಮನಸ್ಸು ಹಿಂದೆಗೆಯುವುದು ಸಹಜ. ಆದರೆ ಅದರ ಪರವಾಗಿಯೂ ಹೇಳಬೇಕಾದ ಮಾತಿದೆ. 'ಕ್ರೇಟ್' ಎಂದು ಕರೆಯುವ ಈ ಗೂಡನ್ನು ತಿಳಿದವರು ಬಳಸುವುದು ಶಿಕ್ಷೆಗಲ್ಲ. ಮೊದಲು ಬಾಗಿಲು ತೆರೆದಿಟ್ಟು, ಒಳಗೆ ಹಾಸಿಗೆ ಹಾಸಿ, ಊಟವನ್ನು ಅಲ್ಲಿಯೇ ಕೊಟ್ಟು, ವಾರಗಟ್ಟಲೆ ರೂಢಿ ಮಾಡಿಸಿದರೆ ನಾಯಿ ಅದನ್ನು ತನ್ನ ಮಲಗುವ ತಾಣವೆಂದು ಬಗೆಯುತ್ತದೆ. ಮರಿಗೆ ಶೌಚದ ಶಿಸ್ತು ಕಲಿಸಲು, ಶಸ್ತ್ರಚಿಕಿತ್ಸೆಯಾದ ನಾಯಿಗೆ ವಿಶ್ರಾಂತಿ ಕೊಡಲು, ಕಾರಿನ ಪ್ರಯಾಣಕ್ಕೆ ಅದು ಉಪಯುಕ್ತ. ಒಳಗೆ ಎದ್ದು ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಸ್ಥಳವಿರಬೇಕು. ಆದರೆ ಒಂಟಿತನಕ್ಕೆ ಹೆದರಿ ಬಾಗಿಲು ಕೆರೆಯುವ ನಾಯಿಯನ್ನು ತಂದು ಒಂದೇ ದಿನದಲ್ಲಿ ಒಳಗೆ ತಳ್ಳಿ ಚಿಲಕ ಹಾಕಿದರೆ ಅದರ ಹೆದರಿಕೆ ಇಮ್ಮಡಿಯಾಗುತ್ತದೆ. ಸರಳು ಕಚ್ಚಿ ಹಲ್ಲು ಮುರಿದುಕೊಳ್ಳುವುದೂ ಉಂಟು.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ ಎಂಬುದು ಅನೇಕರಿಗೆ ತಿಳಿಯದು. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೆಯ ಕಲಮು, ಸಾಕಷ್ಟು ಚಲಿಸಲು ಆಸ್ಪದವಿಲ್ಲದ ಪಂಜರದಲ್ಲಿ ಪ್ರಾಣಿಯನ್ನು ಕೂಡಿಡುವುದನ್ನೂ, ತೀರ ಗಿಡ್ಡವಾದ ಅಥವಾ ಭಾರವಾದ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟಿಹಾಕುವುದನ್ನೂ ಕ್ರೌರ್ಯವೆಂದು ಎಣಿಸಿದೆ. ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ಒಡೆಯನು ತಕ್ಕ ವ್ಯಾಯಾಮ ಕೊಡಿಸದಿದ್ದರೆ ಅದೂ ಅಪರಾಧವೇ. ಸ್ವೀಡನ್ ದೇಶದ ನಿಯಮಗಳು ಇನ್ನೂ ಕಟ್ಟುನಿಟ್ಟು. ಅಲ್ಲಿ ಮನೆಯೊಳಗಿನ ನಾಯಿಯನ್ನು ಹಗಲಿನಲ್ಲಿ 6 ಗಂಟೆಗೊಮ್ಮೆಯಾದರೂ ಹೊರಗೆ ಕರೆದೊಯ್ಯಲೇಬೇಕು.

ಹಾಗಾದರೆ ಮನೆಯಲ್ಲಿ ಬಿಡುಬೀಸಾಗಿ ಬಿಡುವುದು ಲೇಸೇ? ಬೆಳೆದ, ಶಾಂತ ಸ್ವಭಾವದ ನಾಯಿಗೆ ಅದು ಒಗ್ಗಬಹುದು. ಆದರೆ ಮನೆಯೆಂಬುದು ನಾಯಿಗಾಗಿ ಕಟ್ಟಿದ್ದಲ್ಲ. ವಿದ್ಯುತ್ ತಂತಿಗಳಿವೆ, ತೆರೆದ ಬಾಲ್ಕನಿಯಿದೆ. ನಮಗೆ ಪಥ್ಯವಾದ ಈರುಳ್ಳಿ, ಒಣದ್ರಾಕ್ಷಿ, ಚಾಕೊಲೇಟು ಅದಕ್ಕೆ ವಿಷ. ಅಡುಗೆಮನೆಯ ಬಾಗಿಲು ಮುಚ್ಚಿ, ಗಾಳಿ ಬೆಳಕಿರುವ ಒಂದು ಕೋಣೆಯನ್ನು ಅದಕ್ಕೆ ಬಿಟ್ಟು, ನೀರಿಟ್ಟು ಹೋಗುವುದು ಈ ಎರಡರ ನಡುವಿನ ದಾರಿ.

ಊರಿನಲ್ಲಿಯೂ ಕಾಲ ಬದಲಾಗಿದೆ. ಹಾಸನ, ತುಮಕೂರು, ಮಂಡ್ಯ ಜಿಲ್ಲೆಗಳಲ್ಲಿ ಚಿರತೆ ರಾತ್ರಿ ಊರಿಗೆ ಬಂದು ನಾಯಿಯನ್ನು ಹೊತ್ತೊಯ್ಯುವುದು ಹೊಸ ಸುದ್ದಿಯಲ್ಲ. ಬಿಟ್ಟ ನಾಯಿಗೆ ಓಡುವ ಅವಕಾಶವಾದರೂ ಉಂಟು; ಅಂಗಳದಲ್ಲಿ ಕಟ್ಟಿದ ನಾಯಿಗೆ ಅದೂ ಇಲ್ಲ. ಚನ್ನರಾಯಪಟ್ಟಣದ ಹೆದ್ದಾರಿಯಲ್ಲಿ ವಾಹನಕ್ಕೆ ಸಿಕ್ಕ ನಾಯಿಗಳನ್ನು ಕಾಣದೆ ಬೆಂಗಳೂರಿಗೆ ಹೋಗಿಬಂದ ದಿನ ನನಗೆ ನೆನಪಿಲ್ಲ. ತೋಟದ ಮನೆಯ ಒಂಟಿ ವೃದ್ಧರು ರಾತ್ರಿ ನಾಯಿಯನ್ನು ಗಟ್ಟಿ ಬಾಗಿಲಿನ ಗೂಡಿಗೆ ಸೇರಿಸಿದರೆ ಅದು ಬಂಧನವಲ್ಲ, ರಕ್ಷಣೆ. ಅದೇ ಗೂಡು ನಗರದಲ್ಲಿ ಹಗಲೆಲ್ಲ ಮುಚ್ಚಿದ್ದರೆ ಸೆರೆಮನೆ. ಹೀಗಾಗಿ ಪಂಜರವೋ ಬಯಲೋ ಎಂದು ಕೇಳುವ ಮೊದಲು, ಎಷ್ಟು ಹೊತ್ತು ಎಂದು ಕೇಳಬೇಕು ಎಂಬುದು ನನ್ನ ಅಭಿಪ್ರಾಯ.

ಬ್ರಿಟನ್ನಿನ ಪ್ರಾಣಿ ಕಲ್ಯಾಣ ಸಂಸ್ಥೆಗಳು ಬೆಳೆದ ನಾಯಿಯನ್ನೂ ಒಂದೇ ಸಮನೆ 4 ಗಂಟೆಗಿಂತ ಹೆಚ್ಚು ಒಂಟಿಯಾಗಿ ಬಿಡಬೇಡಿ ಎನ್ನುತ್ತವೆ. ನನ್ನ ವಿದ್ಯಾರ್ಥಿಯ ಮನೆಯಲ್ಲಿ ಅದು 11 ಗಂಟೆ. ಈ 11 ಗಂಟೆಯನ್ನು ಹಾಗೆಯೇ ಉಳಿಸಿಕೊಂಡು ಪಂಜರದ ಅಳತೆಯನ್ನು ಚರ್ಚಿಸುವುದು ವ್ಯರ್ಥ.

ನಾಯಿಯನ್ನು ಮನುಷ್ಯ ಹತ್ತಿರ ಸೇರಿಸಿಕೊಂಡದ್ದೇ ಜೊತೆಗಾಗಿ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ತರಗತಿಯಲ್ಲಿ ವಿವರಿಸುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಶಕವರ್ಷ 872, ಎಂದರೆ ಕ್ರಿ.ಶ. 949-50ರ ಕಲ್ಲು ಅದು. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರನಿಗೆ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡಿಕೊ ಎಂದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಅದಕ್ಕಾಗಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಅರ್ಚಕನು ಉಂಡರೆ ಪಾಪವೆಂದು ಬರೆಸಿದರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಗೆ ಸಲ್ಲಬೇಕಾದುದನ್ನು ಸಲ್ಲಿಸಿ ಆಮೇಲೆ ನಿನ್ನ ಊಟ ಎಂಬ ಆ ಕಟ್ಟಳೆ ಸಾವಿರ ವರ್ಷದ ಹಿಂದೆ ಕನ್ನಡದಲ್ಲಿಯೇ ಬರೆಯಲ್ಪಟ್ಟಿತು.

ಅವನಿಗೆ ನಾನು ಹೇಳಿದ್ದು ಇಷ್ಟೇ. ಮೊದಲು ಪಶುವೈದ್ಯರಿಗೆ ತೋರಿಸು. ಹೊರಡುವ ಮುನ್ನ ಚೆನ್ನಾಗಿ ನಡೆಸಿಕೊಂಡು ಬಾ; ದಣಿದ ನಾಯಿ ನಿದ್ರಿಸುತ್ತದೆ. ರಜೆಯ ದಿನಗಳಲ್ಲಿ ಐದು ನಿಮಿಷ, ಹತ್ತು ನಿಮಿಷ ಹೊರಗೆ ಹೋಗಿಬಂದು, ಹೋದವರು ಬರುತ್ತಾರೆಂಬ ನಂಬಿಕೆಯನ್ನು ಅದಕ್ಕೆ ಕಲಿಸು. ನಾಯಿಗಳ ಸಂಕಟ ಸಾಮಾನ್ಯವಾಗಿ ಯಜಮಾನರು ಹೊರಟ ಮೊದಲ ಅರ್ಧ ಗಂಟೆಯೊಳಗೇ ಆರಂಭವಾಗುತ್ತದೆ. ಅದಕ್ಕಿಂತ ಕಡಿಮೆ ಹೊತ್ತಿನಿಂದಲೇ ಪಾಠ ಶುರುವಾಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನಡುಹಗಲಿಗೆ ಒಬ್ಬ ಮನುಷ್ಯನನ್ನು ಹುಡುಕು.

ಆ ಮನುಷ್ಯ ದೂರವೇನೂ ಇರಲಿಲ್ಲ. ಅದೇ ಕಟ್ಟಡದ ಕೆಳಮಹಡಿಯಲ್ಲಿ, ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಸಂಜೆಯವರೆಗೆ ಗೋಡೆ ನೋಡುತ್ತ ಕುಳಿತಿರುವ ನಿವೃತ್ತರೊಬ್ಬರಿದ್ದಾರೆ. ಈಗ ಅವರು ಬೆಳಿಗ್ಗೆ 11ಕ್ಕೆ ಬಂದು ನಾಯಿಯನ್ನು ತಮ್ಮ ಮನೆಗೇ ಕರೆದೊಯ್ಯುತ್ತಾರಂತೆ. ಊಳಿಡುವುದು ಪೂರ್ತಿ ನಿಂತಿಲ್ಲ, ಬಹಳ ಕಡಿಮೆಯಾಗಿದೆ. ನಾಯಿಯನ್ನು ಕೊಟ್ಟುಬಿಡುವ ಮಾತು ಸದ್ಯಕ್ಕೆ ನಿಂತಿದೆ.

ಮರಿಯನ್ನು ತರಬೇಕೆಂದಿರುವ ಉಳಿದವರಿಗೂ ಒಂದು ಮಾತು. ತರುವ ಮೊದಲು ಒಂದು ಕಾಗದ ತೆಗೆದುಕೊಂಡು, ನಿಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ಗಂಟೆ ಯಾರೂ ಇರುವುದಿಲ್ಲ ಎಂದು ಬರೆಯಿರಿ. ಮೊತ್ತ 4ನ್ನು ದಾಟಿದರೆ, ಆ ಹೊತ್ತಿಗೆ ಬರುವವರ ಹೆಸರನ್ನು ಅದರ ಮುಂದೆ ಬರೆಯಿರಿ. ಹೆಸರು ಹೊಳೆಯದಿದ್ದರೆ ಸ್ವಲ್ಪ ಕಾಲ ಕಾಯಿರಿ.